ಗೋದಲಿಗೆ ಬಿತ್ತಿದ ರಾಗಿ

"ಗುರುಗಳೇ, ದೇವರು ನನ್ನನ್ನು ಪ್ರೀತಿಸುತ್ತಾನೆಂದು ಹೇಗೆ ನಂಬಲಿ? ಕ್ರಿಸ್ತಜಯಂತಿಗೆ ಕಾಯುವ ಈ ಆಗಮನ ಕಾಲ ಶುರುವಾದಾಗಿನಿಂದ ದಿನವೂ ಮನಸ್ಸನ್ನು ತಡಕಿ ನೋಡುತ್ತಿದ್ದೇನೆ. ಒಂದು ಗುರುತೂ ಕಾಣುತ್ತಿಲ್ಲ" ಎಂದು ಶಿಷ್ಯ ಇನ್ನಾಸಪ್ಪ ಕೇಳಿದ.

"ಕೂತುಕೋ ಮಾರಾಯ. ಮುಖ ಗಂಟಿಕ್ಕಿಕೊಂಡರೆ ಹಬ್ಬವೇನೂ ಬೇಗ ಬರುವುದಿಲ್ಲ" ಎಂದು ಗುರುಗಳು ನಕ್ಕು ಕತೆ ಹೇಳಿದರು.

ಒಬ್ಬ ರೈತನಿದ್ದ. ಮೂರು ಎಕರೆಗೆ ರಾಗಿ ಬಿತ್ತಿ ಬಂದ ದಿನವೂ ಉಂಡು ಗೊರಕೆ ಹೊಡೆಯುವ ಆಸಾಮಿ. ಅವನ ಊರಲ್ಲೊಂದು ಪದ್ಧತಿಯಿತ್ತು. ಆಗಮನ ಕಾಲ ಬಂತೆಂದರೆ ಮಣ್ಣು ತುಂಬಿದ ತಟ್ಟೆಯಲ್ಲಿ ರಾಗಿ ಚೆಲ್ಲುವರು. ಕ್ರಿಸ್ತಜಯಂತಿಯ ಹೊತ್ತಿಗೆ ಆ ಹಸಿರು ಪೈರನ್ನು ದೇವಾಲಯದಲ್ಲಿ ಕಟ್ಟಿದ ಬಾಲಯೇಸುವಿನ ಗೋದಲಿಯ ಸುತ್ತ ಇಡುವರು. ಆ ವರ್ಷ ಊರವರು ಈ ಕೆಲಸವನ್ನು ಅವನಿಗೆ ಒಪ್ಪಿಸಿದರು. ರಾಗಿ ಚೆಲ್ಲಿದ್ದೇ ತಡ, ಅವನ ನಿದ್ದೆ ಹಾರಿಹೋಯಿತು. ತನ್ನ ಕೈಯ ಬೀಜವನ್ನು ದೇವರು ಒಪ್ಪದಿದ್ದರೆ? ಬೆಳಗಾದರೆ ಬೆರಳು ಹಾಕಿ ಕೆದಕುವನು. ಬೀಜವನ್ನು ಕಣ್ಣ ಹತ್ತಿರ ಹಿಡಿದು ನೋಡಿ ಮತ್ತೆ ಹೂಳುವನು. ಎಂಟು ದಿನವಾದರೂ ತಟ್ಟೆ ಬೋಳಾಗಿಯೇ ಇತ್ತು.

"ದೇವರು ನನ್ನ ಕೈಬಿಟ್ಟ" ಎಂದು ಹೆಂಡತಿಯ ಮುಂದೆ ಅತ್ತ.

"ಹೊಲದಲ್ಲಿ ಎಂದಾದರೂ ಹೀಗೆ ಕೆದಕಿದ್ದೀರಾ?" ಎಂದಳು ಅವಳು.

"ಅದು ನಮ್ಮ ಹೊಟ್ಟೆಗೆ. ಇದು ದೇವರಿಗೆ. ಹೆದರಿಕೆ ಇರುವುದಿಲ್ಲವೇ?"

"ನಿಮ್ಮ ಹೊಟ್ಟೆಗೆ ಬೆಳೆದುಕೊಟ್ಟವನು ತನ್ನ ಮಗನಿಗೆ ಬೆಳೆಯದೆ ಇರುತ್ತಾನೆಯೇ? ಒಳ್ಳೆ ಗಂಡಸು ನೀವು!" ಎಂದು ತಟ್ಟೆಯನ್ನು ಕಿತ್ತುಕೊಂಡು ಹೋಗಿ ಬಚ್ಚಲ ಹಿಂದೆ ಸುರಿದುಬಿಟ್ಟಳು.

ರೈತ ಆ ಕಡೆ ತಲೆ ಹಾಕಲಿಲ್ಲ. ಹಬ್ಬದ ಮುನ್ನಾದಿನ, ಬರಿಗೈಯಲ್ಲಿ ದೇವಾಲಯಕ್ಕೆ ಹೇಗೆ ಹೋಗಲಿ ಎಂದು ಕೊರಗುತ್ತ, ಯಾರ ಕಣ್ಣಿಗೂ ಬೀಳಬಾರದೆಂದು ಬಚ್ಚಲ ಹಿಂದೆ ಹೋಗಿ ನಿಂತ. ಅಲ್ಲಿ ಗೇಣುದ್ದದ ಪೈರು ಒತ್ತೊತ್ತಾಗಿ ಬೆಳೆದಿತ್ತು. ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಮಣ್ಣಿನ ಸಮೇತ ಎತ್ತಿ ತಲೆಯ ಮೇಲಿಟ್ಟುಕೊಂಡ. ಕೆಸರು ಕಿವಿಗಿಳಿಯುತ್ತಿದ್ದರೂ ಹಾಡಿಕೊಂಡು ದೇವಾಲಯಕ್ಕೆ ನಡೆದ.

ಇನ್ನಾಸಪ್ಪನೂ ನಕ್ಕುಬಿಟ್ಟ. ಆಮೇಲೆ ಕೇಳಿದ: "ಹಾಗಾದರೆ ಗುರುಗಳೇ, ಆ ಎಂಟು ದಿನ ದೇವರು ಅವನನ್ನು ಪರೀಕ್ಷೆ ಮಾಡುತ್ತಿದ್ದನೇ?"

ಗುರುಗಳು ಹೇಳಿದರು: "ಎಂಟು ದಿನವೂ ದೇವರು ಮೊಳಕೆ ಬರಿಸುತ್ತಲೇ ಇದ್ದ, ಕಿತ್ತು ನೋಡುತ್ತಿದ್ದವನು ರೈತ."