ನಿಂಬೆವ್ವನ ಕಂಬ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಣ ಒಣಸೀಮೆಯಲ್ಲಿ ಬಿಳಿಕಲ್ಲು ಎಂಬ ಊರಿನಿಂದ ಪಡುವಲಿಗೆ ಎರಡು ಹರದಾರಿ ನಡೆದರೆ ಒಂದು ಬೋಳುಗುಡ್ಡ ಸಿಗುತ್ತದೆ. ಕಳ್ಳಿ ಮತ್ತು ಬಳ್ಳಾರಿ ಜಾಲಿ ಬಿಟ್ಟರೆ ಅಲ್ಲಿ ಹಸಿರೆಂಬುದಿಲ್ಲ. ಬೇಸಿಗೆಯಲ್ಲಿ ಕುರಿಗಾಹಿಗಳೂ ಆ ಕಡೆ ಹಾಯುವುದಿಲ್ಲ. ಗುಡ್ಡದ ನಡುನೆತ್ತಿ ಕುಸಿದು, ದೊಡ್ಡ ಕೆರೆಯೊಂದು ಬತ್ತಿದ ಹಾಗೆ ತಗ್ಗು ಬಿದ್ದಿದೆ. ಇದಕ್ಕೆ ನಿಂಬೆವ್ವನ ಕಂಬ ಎಂದು ಹೆಸರು. ಈ ಹೆಸರಿನ ಕಥೆಯನ್ನು ನನಗೆ ಹೇಳಿದವರು ಜಾಲಗಾರರ ಓಣಿಯ ಹಿರಿಯರು. ಹಳ್ಳದ ಮರಳು ತೊಳೆದು ಹೊನ್ನಿನ ಕಣ ತೆಗೆಯುವುದು ಅವರ ಕುಲದ ಕಸುಬಾಗಿತ್ತು.

ಬಹಳ ಹಿಂದೆ, ಬಿಳಿಕಲ್ಲಿನಲ್ಲಿ ದೇಸಾಯಿಯ ಆಳ್ವಿಕೆ ಇದ್ದಾಗ, ಈ ಗುಡ್ಡದ ಒಳಗೆ ಹೊನ್ನಿನ ಹಳೆಯ ಗಣಿಯೊಂದಿತ್ತಂತೆ. ದೇಸಾಯಿಯ ಅಜ್ಜನ ಕಾಲದಲ್ಲಿ ಒಳಗಿನ ಮಾಡು, ಅಂದರೆ ಕಲ್ಲಿನ ಚಾವಣಿ, ಕುಸಿದು ಜನ ಸತ್ತದ್ದರಿಂದ ಅದರ ಬಾಯಿಗೆ ಕಲ್ಲು ಮುಚ್ಚಿದ್ದರು. ಆ ಗಣಿಯ ಹಕ್ಕನ್ನು ಶರಭಶೆಟ್ಟಿ ಎಂಬ ಕುದುರೆ ವ್ಯಾಪಾರಿಗೆ ದೇಸಾಯಿ ಮಾರಿದ. ಶೆಟ್ಟಿ ತನ್ನ ಕುದುರೆಗಳನ್ನೂ ಹೆಂಡತಿಯ ಒಡವೆಗಳನ್ನೂ ಕೊಟ್ಟು ಸನದು ಪಡೆದು, ಈಟಿ ಹಿಡಿದ ಹತ್ತು ಮಂದಿ ಕಾವಲಿನವರೊಂದಿಗೆ ಗುಡ್ಡಕ್ಕೆ ಬಂದು, ಜಾಲಗಾರರನ್ನು ಕೂಲಿಗೆ ಕರೆದ. ಅವರ ಮುಖಂಡ ಯಂಕೋಬ. ಅವನ ಅಕ್ಕ ನಿಂಬೆವ್ವ ಗಂಡನನ್ನು ಕಳೆದುಕೊಂಡು ತಮ್ಮನ ಮನೆಯಲ್ಲೇ ಇದ್ದಳು. ಕಲ್ಲು ಒಡೆಯುವುದರಲ್ಲಿ ಅವಳು ಗಂಡಸರಿಗಿಂತ ಕಡಿಮೆ ಇರಲಿಲ್ಲ.

ನಾಲ್ಕು ತಿಂಗಳು ಅಗೆದರೂ ಬರಿಯ ಬೆಣಚುಕಲ್ಲು. ಹೊನ್ನಿನ ಗೆರೆ ಕಂಡದ್ದು ಒಳಗಿನ ಎರಡು ಕಂಬಗಳಲ್ಲಿ ಮಾತ್ರ. ಹಿಂದಿನವರು ಮಾಡನ್ನು ಹೊರಲೆಂದೇ ಕಡಿಯದೆ ಬಿಟ್ಟ ಬಂಡೆಗಳು ಅವು. ಅದರಲ್ಲಿ ಒಂದು ಕಂಬ ಕಡಿಯಿರಿ ಎಂದು ಶೆಟ್ಟಿ ಹೇಳಿದಾಗ ಯಂಕೋಬ ಸುತ್ತಿಗೆ ಕೆಳಗಿಟ್ಟ.

“ಇದನ್ನ ಕಡಿಯಾಕ ಬರಲ್ರಿ ಶೆಟ್ರ. ಇದು ಹೋದ್ರ ಗುಡ್ಡ ನಮ್ಮ ಮ್ಯಾಲ ಬೀಳತೈತಿ.”

“ನೀವು ಹಿಂಗ ಅಂತೀರಿ ಅಂತ ದೇಸಾಯರು ಮೊದಲೇ ಹೇಳ್ಯಾರ. ನಾ ಹೋದ ಮ್ಯಾಲ ಹೊನ್ನು ನೀವು ತಿನ್ನೋರು” ಎಂದ ಶೆಟ್ಟಿ.

ಯಂಕೋಬ ಕಂಬಕ್ಕೆ ಬೆನ್ನು ಕೊಟ್ಟು ನಿಂತ. ಕಾವಲಿನವರು ಅವನ ಬೆನ್ನ ಚರ್ಮ ಸುಲಿಯುವಂತೆ ಬಾರುಕೋಲಿನಿಂದ ಹೊಡೆದರು. ಆದರೂ ಅವನು ಕದಲಲಿಲ್ಲ. ಕೊನೆಗೆ ಶೆಟ್ಟಿಯೇ ಸುತ್ತಿಗೆ ಎತ್ತಿ ಅವನ ತಲೆಗೆ ಹಾಕಿದ. ಹೊಡೆದ ಮೇಲೆ ಶೆಟ್ಟಿ ತನ್ನ ಕೈಯನ್ನೇ ನೋಡುತ್ತ ನಿಂತುಬಿಟ್ಟನಂತೆ. ಆದರೆ ಇದ್ದದ್ದೆಲ್ಲ ಸನದಿಗೆ ಕೊಟ್ಟಿದ್ದ ಅವನಿಗೆ ಹಿಂದಿರುಗಿ ಹೋಗಲು ಏನೂ ಉಳಿದಿರಲಿಲ್ಲ. ಯಂಕೋಬನ ರಕ್ತದಲ್ಲೇ ನಿಲ್ಲಿಸಿ, ಈಟಿಯ ಮೊನೆ ತೋರಿಸಿ, ಉಳಿದ ಒಂಬತ್ತು ಮಂದಿ ಜಾಲಗಾರರಿಂದ ಕಂಬ ಕಡಿಸತೊಡಗಿದ.

ಮೂರನೆಯ ದಿನ ಮಧ್ಯಾಹ್ನ ಆ ಕಂಬ ಮುರಿಯಿತು. ಅರ್ಧ ಮಾಡು ಇಳಿಯಿತು. ಒಂಬತ್ತು ಮಂದಿಯಲ್ಲಿ ಒಬ್ಬನೂ ಹೊರಬರಲಿಲ್ಲ. ಗಣಿಯ ಬಾಯಿಯ ಹತ್ತಿರವಿದ್ದ ಶೆಟ್ಟಿ ಮಾತ್ರ ಎರಡೂ ಕಾಲು ಜಜ್ಜಿಹೋಗಿ ತೆವಳುತ್ತ ಬಂದ. ಕಾವಲಿನವರು ಓಡಿಹೋದರು. ತಮ್ಮನನ್ನು ಮಣ್ಣುಮಾಡಿ ಬಂದಿದ್ದ ನಿಂಬೆವ್ವ ಸುತ್ತಿಗೆ ಹಿಡಿದು ಶೆಟ್ಟಿಯ ಎದುರು ನಿಂತಳು.

“ಬ್ಯಾರೆ ಕಡೆ ಸಿಗದಿದ್ರ ಕಂಬದಾಗ ಹೊನ್ನೈತಿ, ಕಡಕೋ ಅಂತ ದೇಸಾಯಿನೇ ಹೇಳಿದ್ದವ್ವ” ಎಂದು ಶೆಟ್ಟಿ ಅತ್ತ. “ಅಜ್ಜನ ಕಾಲದಾಗ ಮಾಡು ಬಿದ್ದಿದ್ದು ಹೇಳಲಿಲ್ಲ. ನಾ ಎಲ್ಲಾ ಮಾರಿ ಬಂದೀನಿ. ನಿನ್ನ ತಮ್ಮನ್ನ ನಾನೇ ಕೊಂದೆ.”

ನಿಂಬೆವ್ವ ಎತ್ತಿದ ಸುತ್ತಿಗೆ ಇಳಿಸಿದಳು. ಆದರೆ ಸತ್ತವರ ಹೆಂಡಂದಿರು, ತಾಯಂದಿರು ಆಗಲೇ ಕಲ್ಲು ಎತ್ತಿಕೊಂಡಿದ್ದರು. ಅವಳು “ಬ್ಯಾಡ್ರೇ, ತಡೀರಿ” ಎನ್ನುವುದರೊಳಗೆ ಅವನ ಮುಖ ಗುರುತು ಸಿಗದಂತಾಗಿತ್ತು.

ಮುಂದಿನ ನಾಲ್ಕು ದಿನ ನಿಂಬೆವ್ವ ಒಬ್ಬಳೇ ಗಣಿಯಲ್ಲಿದ್ದಳು. ಏನು ಮಾಡುತ್ತಿದ್ದಾಳೆಂದು ಯಾರಿಗೂ ಹೇಳಲಿಲ್ಲ. ಐದನೆಯ ದಿನ ಬೆಳಿಗ್ಗೆ ಹೊನ್ನಿನ ಗೆರೆಯಿದ್ದ ಒಂದು ಚೂರು ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ದೇಸಾಯಿಯ ವಾಡೆಗೆ ಹೋದಳು.

“ಶೆಟ್ಟಿ ಸತ್ತಾನ್ರೀ ಧಣಿ. ಗಣಿ ಮತ್ತ ನಿಮ್ದ ಆತು. ಇನ್ನೊಂದು ಕಂಬ ಹಂಗ ಐತಿ” ಎಂದು ಕಲ್ಲನ್ನು ಅವನ ಕಾಲ ಬಳಿ ಇಟ್ಟಳು.

ದೇಸಾಯಿ ಕಲ್ಲನ್ನು ಬಿಸಿಲಿಗೆ ಹಿಡಿದು ನೋಡಿದ. ಆ ಹೊತ್ತಿಗೇ ಕುದುರೆ ಏರಿದ. ಹೊನ್ನಿನ ಸುದ್ದಿ ಹರಡಬಾರದೆಂದು ಜೊತೆಗೆ ಕರೆದದ್ದು ಒಬ್ಬ ಆಳನ್ನು ಮಾತ್ರ. ಗಣಿಯೊಳಗೆ ನಿಂಬೆವ್ವ ಪಂಜು ಹಿಡಿದು ಮುಂದೆ ನಡೆದಳು. ಆಳು ಗಣಿಯ ಬಾಯಿಯಲ್ಲೇ ನಿಂತ. ಮುಂದಿನದನ್ನು ಊರಿಗೆ ಹೇಳಿದವನು ಅವನೇ ಎನ್ನುತ್ತಾರೆ.

ಕಂಬದ ಬುಡವನ್ನು ಅವಳು ಮೊದಲೇ ಕಡಿದು ತೋಳಿನಷ್ಟು ದಪ್ಪ ಉಳಿಸಿದ್ದಳು. ಪಂಜಿನ ಬೆಳಕಿನಲ್ಲಿ ಮಿನುಗುತ್ತಿದ್ದ ಮೇಲಿನ ಗೆರೆಯನ್ನು ದೇಸಾಯಿ ಎರಡೂ ಕೈಯಿಂದ ಸವರಿದ. ಆಮೇಲೆ ಕಣ್ಣು ಕೆಳಗಿಳಿಯಿತು.

“ಬುಡ ಯಾರು ಕಡಿದದ್ದು?” ಎಂದ.

“ನಾನ್ರೀ. ನೀವು ಮಾರಿದ್ದು ಹೆಂಗ ಬೀಳತೈತಿ ಅಂತ ನೀವೂ ನೋಡ್ರಿ” ಎಂದು ಪಂಜು ಎಸೆದು ಅವಳು ಅಲ್ಲೇ ಇಟ್ಟಿದ್ದ ಸುತ್ತಿಗೆಯನ್ನು ಬುಡಕ್ಕೆ ಬೀಸಿದಳು. ದೇಸಾಯಿಗೆ ಎರಡು ಹೆಜ್ಜೆಯೂ ಓಡಲಾಗಲಿಲ್ಲ. ಗುಡ್ಡದ ನೆತ್ತಿ ಒಳಕ್ಕೆ ಇಳಿದು, ಎದ್ದ ಧೂಳು ಸಂಜೆಯವರೆಗೂ ಇಳಿಯಲಿಲ್ಲವಂತೆ.

ಈಗ ಅಲ್ಲಿಗೆ ಹೋದವರಿಗೆ ತಗ್ಗಿನ ಅಂಚಿನಲ್ಲಿ ಒಂದು ಹಾಸುಬಂಡೆ, ಅದರ ಮೇಲೆ ಸಾಲಾಗಿ ಹನ್ನೊಂದು ಕುಳಿ ಕಾಣುತ್ತವೆ: ಯಂಕೋಬನದು, ಒಂಬತ್ತು ಮಂದಿಯದು, ನಿಂಬೆವ್ವನದು. ಸತ್ತವರಿಗೆ ಬಾಯಾರಿಕೆಯೆಂದು ಜಾಲಗಾರರ ಹೆಂಗಸರು ಅವುಗಳಿಗೆ ನೀರು ತುಂಬುತ್ತಾರೆ. ಸಾಲಿನಿಂದ ಒಂದು ಮೊಳ ದೂರದಲ್ಲಿ ಇನ್ನೊಂದು ಕುಳಿಯಿದೆ. ಅದು ಶೆಟ್ಟಿಯದು. ಕೊಂದವನಿಗೆ ಯಾಕೆ ನೀರು ಎಂದು ಮುದುಕಿಯೊಬ್ಬಳನ್ನು ಕೇಳಿದೆ. “ಅವನ್ನೂ ಮೋಸ ಮಾಡಿ ಕಳಿಸಿದ್ರಲ್ಲೋ ಯಪ್ಪಾ” ಎಂದು ಕೊಡವನ್ನು ಅದರತ್ತ ಬಾಗಿಸಿದಳು. ದೇಸಾಯಿಯ ಹೆಸರಿನ ಕುಳಿಯನ್ನು ಅಲ್ಲಿ ಯಾರೂ ಕೊರೆದಿಲ್ಲ.