ಎಲೆ ತಿಂದ ಅತಿಥಿ

ಮಕ್ಕಳೇ, ಬಿದಿರುಹಳ್ಳದ ಕಾಡಿನಲ್ಲಿ ಒಂದು ಕೊಳ. ಕೊಳದ ದಂಡೆಯಲ್ಲಿ ಒಂದು ಹಿಪ್ಪುನೇರಳೆ ಮರ, ಮರದ ಬುಡದಲ್ಲಿ ಒಂದು ಬಿಲ. ಆ ಬಿಲದಲ್ಲಿ ಕೆಂಚಮ್ಮ ಎಂಬ ಉಡ ಇದ್ದಳು. ಉಡ ಎಂದರೆ ನೋಡಲು ಹಲ್ಲಿಯ ಹಾಗೆಯೇ, ಆದರೆ ನಿಮ್ಮ ತೋಳಿಗಿಂತ ಉದ್ದ. ಕೆಂಚಮ್ಮನ ಬಾಲ ದೊಡ್ಡದು, ದನಿ ಅದಕ್ಕಿಂತ ದೊಡ್ಡದು, ಮನಸ್ಸು ಎಲ್ಲಕ್ಕಿಂತ ದೊಡ್ಡದು. ಒಂದೇ ಒಂದು ಕೊರತೆ. ಬೇರೆಯವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಲು ಅವಳಿಗೆ ಪುರುಸೊತ್ತೇ ಇರುತ್ತಿರಲಿಲ್ಲ.

ಒಂದು ದಿನ ಪೇಟೆಯ ಕಡೆಯಿಂದ ಒಂದು ಕಾರು ಬಂತು. ಅದರಲ್ಲಿದ್ದವರು ಒಂದು ಬುಟ್ಟಿಯನ್ನು ಕೊಳದ ಹತ್ತಿರ ಇಳಿಸಿ, ಮುಚ್ಚಳ ತೆಗೆದು, ಹೊರಟೇ ಹೋದರು. ಬುಟ್ಟಿಯಿಂದ ಹೊರಗೆ ಬಂದವನು ಪಚ್ಚು. ಅವನು ಇಗುವಾನಾ. ದೂರದೇಶದ ಹಸಿರು ಪ್ರಾಣಿ. ಬೆನ್ನಿನ ಮೇಲೆ ಬಾಚಣಿಗೆಯ ಹಲ್ಲಿನಂಥ ಮುಳ್ಳುಗಳು, ಗದ್ದದ ಕೆಳಗೆ ಜೋಲುವ ಚರ್ಮ. ಪೇಟೆಯ ಮನೆಯವರು ಅವನನ್ನು ಮುದ್ದಾಗಿ ಸಾಕಿದ್ದರು. ಈಗ ಮನೆ ಬದಲಾಯಿಸಿದ್ದರು, ಹೊಸ ಮನೆಯಲ್ಲಿ ಜಾಗವಿರಲಿಲ್ಲ. "ಕಾಡಿನಲ್ಲಿ ಹೇಗೋ ಬದುಕಿಕೊಳ್ಳುತ್ತೆ ಬಿಡು" ಅಂದುಕೊಂಡರು. ಹಾಗೆಲ್ಲ ಬಿಟ್ಟುಹೋಗುವುದು ಮಹಾ ತಪ್ಪು ಮಕ್ಕಳೇ. ನನಗಂತೂ ಅವರ ಮೇಲೆ ಇವತ್ತಿಗೂ ಸಿಟ್ಟಿದೆ.

ಪಚ್ಚು ಅತ್ತಿತ್ತ ನೋಡುತ್ತ ನಿಂತಿದ್ದ. ಅಷ್ಟರಲ್ಲಿ ಮೇಲಿಂದ ಒಂದು ಗಿಡುಗ ಬಾಣದ ಹಾಗೆ ಇಳಿದುಬಂತು. ಅದರ ಉಗುರು ಅವನ ಬೆನ್ನಿಗೆ ತಾಗುವುದರಲ್ಲಿತ್ತು. ಛಟೀರ್! ಕೆಂಚಮ್ಮನ ಬಾಲ ಗಿಡುಗದ ಕಾಲಿಗೆ ಬಿತ್ತು. ಗಿಡುಗ ಕಿರುಚಿಕೊಂಡು ಹಾರಿಹೋಯಿತು.

"ಏನೂ ಆಗಿಲ್ಲ ತಾನೇ ಮಗಾ?" ಎಂದು ಕೆಂಚಮ್ಮ ಅವನನ್ನು ಸುತ್ತು ಹಾಕಿ ನೋಡಿದಳು. "ಅರೆ, ಅದೇ ಬಾಲ, ಅದೇ ಉಗುರು! ನೀನು ನಮ್ಮ ಉಡಗಳ ಪೈಕಿಯೇ. ಎಲ್ಲೋ ಕೆಸರಲ್ಲಿ ಬಿದ್ದು ಹಸಿರಾಗಿದ್ದೀಯ ಅಷ್ಟೆ. ಇವತ್ತಿಂದ ನಾನು ನಿನ್ನ ದೊಡ್ಡಮ್ಮ."

"ನಾನು ಉಡ ಅಲ್ಲ, ಇಗು..."

"ಇರು ಇರು, ಮೊದಲು ಊಟ ಮಾಡು!"

ಪಚ್ಚುವಿನ ಕಣ್ಣಲ್ಲಿ ನೀರು ಬಂತು. ಬೆಳಗ್ಗೆ ತನ್ನವರು ಬಿಟ್ಟುಹೋಗಿದ್ದರು. ಮಧ್ಯಾಹ್ನದೊಳಗೆ ಒಬ್ಬ ದೊಡ್ಡಮ್ಮ ಸಿಕ್ಕಿದ್ದಳು. ಈ ಉಪಕಾರವನ್ನು ಎಂದಿಗೂ ಮರೆಯುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ಕೈ ಮುಗಿದ.

ಕೆಂಚಮ್ಮ ಬಿಲದೊಳಗಿನ ಚಪ್ಪಟೆ ಕಲ್ಲಿನ ಮೇಲೆ ಊಟ ಬಡಿಸಿದಳು. ಎರಡು ಹಕ್ಕಿಮೊಟ್ಟೆ, ಒಂದು ಹಿಡಿ ಮಿಡತೆ, ಮೇಲೊಂದು ಏಡಿ.

ಪಚ್ಚು ಏಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಅವನು ಹುಟ್ಟಿದಾಗಿನಿಂದ ಸೊಪ್ಪು ತಿಂದು ಬೆಳೆದವನು. ನುಗ್ಗೆಸೊಪ್ಪು, ದಾಸವಾಳದ ಎಲೆ, ಕುಂಬಳದ ಹೂವು, ಯಾವಾಗಲೋ ಒಂದು ಚೂರು ಪಪ್ಪಾಯಿ. ಅವನ ಜಾತಿಯ ಹೊಟ್ಟೆಗೆ ಆಗಿಬರುವುದೇ ಅದು. ಆದರೆ ಜೀವ ಉಳಿಸಿದವರು ಪ್ರೀತಿಯಿಂದ ಬಡಿಸಿದ್ದನ್ನು ಹೇಗೆ ತಳ್ಳುವುದು? ದಾಕ್ಷಿಣ್ಯ ಅವನ ನಾಲಿಗೆ ಕಟ್ಟಿಹಾಕಿತು. ಕಣ್ಣುಮುಚ್ಚಿ ಒಂದು ಮೊಟ್ಟೆ ನುಂಗಿದ.

"ಇನ್ನೊಂದು ಹಾಕಲಾ?" ಎಂದಳು ಕೆಂಚಮ್ಮ.

"ಸಾಕು ದೊಡ್ಡಮ್ಮ, ಸಾಕು."

ಅವನು ಹೇಳಿದ್ದು ಹೊಟ್ಟೆ ತುಂಬಿತು ಎಂದು. ಕೆಂಚಮ್ಮನಿಗೆ ಕೇಳಿಸಿದ್ದೇ ಬೇರೆ.

"ಅಯ್ಯೋ ನನ್ನ ಕಂದ! 'ನನ್ನನ್ನು ಸಾಕು' ಅಂತ ಬಾಯಿಬಿಟ್ಟು ಕೇಳ್ತಿದ್ದೀಯಲ್ಲ! ಸಾಕ್ತೀನಿ ಕಣೋ, ಬದುಕಿರೋವರೆಗೂ ಸಾಕ್ತೀನಿ. ಹಿಡಿ ಏಡಿ!"

ಮದುವೆಮನೆಯ ಪಂಕ್ತಿಯಲ್ಲಿ ನೀವು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಸುರಿಯುವ ಅತ್ತೆಯಂದಿರು ಇರುತ್ತಾರಲ್ಲ, ಕೆಂಚಮ್ಮ ಅಂಥವಳು. ದಿನವೂ ಅವಳು ಬಡಿಸುವುದು, ಪಚ್ಚು "ಸಾಕು ಸಾಕು" ಅನ್ನುವುದು, ಅವಳು ಕಣ್ಣೊರೆಸಿಕೊಂಡು ಇನ್ನಷ್ಟು ಹಾಕುವುದು. ಗಿಡುಗದ ಭಯಕ್ಕೆ ಅವನನ್ನು ಬಿಲದಿಂದ ಹೊರಗೂ ಬಿಡಲಿಲ್ಲ. ಸೊಪ್ಪೂ ಇಲ್ಲ, ಬಿಸಿಲೂ ಇಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಪಚ್ಚುವಿನ ಹಸಿರು ಮಾಸಿತು. ಕಾಲುಗಳು ನಡುಗತೊಡಗಿದವು. ಒಂದು ಬೆಳಿಗ್ಗೆ ಎದ್ದು ನಿಲ್ಲಲು ಹೋದವನು ಹೊಟ್ಟೆ ಅಡಿಯಾಗಿ ಬಿದ್ದುಬಿಟ್ಟ. ಮತ್ತೆ ಪ್ರಯತ್ನಿಸಿದ, ಮತ್ತೆ ಬಿದ್ದ.

ಕೆಂಚಮ್ಮನಿಗೆ ಗಾಬರಿಯಾಯಿತು. "ಊಟ ಸಾಲುತ್ತಿಲ್ಲ ಇವನಿಗೆ! ಇವತ್ತು ಎಲೆ ಹಾಕಿ ಹಬ್ಬದೂಟ ಮಾಡಿಸ್ತೀನಿ" ಎಂದು ಓಡಿದಳು. ಬಿರುಗಾಳಿಗೆ ಮುರಿದುಬಿದ್ದಿದ್ದ ಕೊಂಬೆಯಿಂದ ಅಗಲವಾದ ಹಿಪ್ಪುನೇರಳೆ ಎಲೆಯೊಂದನ್ನು ತಂದು ಹಾಸಿದಳು. ಅದರ ನಡುವೆ ಒಂದು ಕೊಬ್ಬಿದ ಬಸವನಹುಳುವನ್ನು ಇಟ್ಟಳು. "ಶುರುಮಾಡು ಮಗಾ, ಈಗಲೇ ಮೊಟ್ಟೆ ತರ್ತೀನಿ" ಎಂದು ಹೊರಗೆ ಹೋದಳು.

ಬಸವನಹುಳುವಿನ ಹೆಸರು ಶಂಖಯ್ಯ. ಅವನು ಚಿಪ್ಪಿನೊಳಗೆ ಮುದುಡಿಕೊಂಡು ಕೊನೆಯ ಗಳಿಗೆಗೆ ಕಾಯುತ್ತಿದ್ದ. 'ಇನ್ನೇನು ಬಾಯಿ ಬಂತು' ಅಂದುಕೊಂಡ. ಬಾಯಿ ಬಂತು. ಆದರೆ ಅವನ ಪಕ್ಕಕ್ಕೆ. ಕರಕ್, ಕರಕ್. ಮತ್ತೆ ಇನ್ನೊಂದು ಪಕ್ಕಕ್ಕೆ. ಕರಕ್, ಕರಕ್.

ಶಂಖಯ್ಯ ಮೆಲ್ಲನೆ ಕೊಂಬು ಹೊರಗೆ ಚಾಚಿ ನೋಡಿದ. ಸುತ್ತ ಎಲೆಯೇ ಇರಲಿಲ್ಲ!

"ಏನಯ್ಯ ಇದು? ಬಡಿಸಿದ್ದನ್ನು ಬಿಟ್ಟು ಎಲೆ ತಿಂತಿದ್ದೀಯಲ್ಲ!"

ಪಚ್ಚು ನಾಚಿಕೆಯಿಂದ ತಲೆ ತಗ್ಗಿಸಿದ. "ಕ್ಷಮಿಸಿ. ತಿಂಗಳಿಂದ ಸೊಪ್ಪಿನ ವಾಸನೆಯನ್ನೂ ಕಂಡಿರಲಿಲ್ಲ. ತಡೆಯಲಾಗಲಿಲ್ಲ."

"ಹಾಗಾದರೆ ನಾವಿಬ್ಬರೂ ಒಂದೇ ಪಂಕ್ತಿಯವರು!" ಶಂಖಯ್ಯನಿಗೆ ಹೋದ ಜೀವ ಬಂದಂತಾಯಿತು. "ನನ್ನನ್ನು ಬಿಟ್ಟೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ. ಮತ್ತೆ ಇಷ್ಟು ದಿನ ಮೊಟ್ಟೆ, ಏಡಿ ಯಾಕೆ ತಿಂದೆ?"

"ದೊಡ್ಡಮ್ಮ ಗಿಡುಗದಿಂದ ನನ್ನ ಪ್ರಾಣ ಉಳಿಸಿದವರು. ಬೇಡ ಅಂದರೆ ನೊಂದುಕೊಳ್ಳುವುದಿಲ್ಲವೇ? ಸಾಕು ಅಂತ ಮಾತ್ರ ಹೇಳಿದೆ."

"ನಿನ್ನ ಕಾಲು ನೋಡಿಕೊಂಡಿದ್ದೀಯಾ? ಹೀಗೇ ಇನ್ನೊಂದು ವಾರ ತಿಂದರೆ ನೀನು ಸಾಯ್ತೀಯ. ಆಮೇಲೆ ಆಕೆ ಉಳಿಸಿದ ಪ್ರಾಣ ಎಲ್ಲಿ ಹೋಯಿತು ಹೇಳು? ಆಕೆ ಗಿಡುಗದ ಜೊತೆ ಗುದ್ದಾಡಿದ್ದು ಯಾತಕ್ಕೆ?"

ಪಚ್ಚು ಬಗ್ಗಿ ತನ್ನ ಕಾಲುಗಳನ್ನು ನೋಡಿಕೊಂಡ. ಅಷ್ಟರಲ್ಲಿ ಕೆಂಚಮ್ಮ ಬಾಯಲ್ಲಿ ಮೊಟ್ಟೆ ಕಚ್ಚಿಕೊಂಡು ಬಂದಳು. ಶಂಖಯ್ಯ ಸರಕ್ಕನೆ ಚಿಪ್ಪಿನೊಳಗೆ ಸೇರಿಕೊಂಡ.

"ಎಲೆ ಎಲ್ಲೋ?" ಎಂದಳು ಮೊಟ್ಟೆ ಕೆಳಗಿಟ್ಟು.

"ತಿಂದೆ, ದೊಡ್ಡಮ್ಮ."

"ಉಂಡ ಎಲೆ ಎತ್ತುವವರನ್ನು ನೋಡಿದ್ದೀನಿ, ಹಾಸಿದ ಎಲೆಯನ್ನೇ ತಿನ್ನುವವರನ್ನು ನೋಡಿಲ್ಲಪ್ಪ! ಹೋಗಲಿ ಬಿಡು, ಹಸಿವು ಅಷ್ಟಿತ್ತೇನೋ. ತಗೋ ಈ ಮೊಟ್ಟೆ."

ಪಚ್ಚು ನಡುಗುವ ಕಾಲುಗಳನ್ನು ಊರಿ ತಲೆಯೆತ್ತಿದ. ಅವನಿಗೆ ಗಿಡುಗದ ಎದುರು ಆದದ್ದಕ್ಕಿಂತ ಹೆಚ್ಚು ಭಯ ಈಗ ಆಗುತ್ತಿತ್ತು.

"ಬೇಡ, ದೊಡ್ಡಮ್ಮ."

ಕೆಂಚಮ್ಮ ಬೆಚ್ಚಿದಳು. "ಬೇಡವಾ? ದಿನವೂ 'ನನ್ನನ್ನು ಸಾಕು' ಅಂತಿದ್ದೆ. ಇವತ್ತು ನಾನು ಬೇಡವಾದೆನಾ?"

"ನೀವು ಬೇಕು! ಮೊಟ್ಟೆ ಬೇಡ. ನಾನು 'ಸಾಕು' ಅಂದದ್ದು ಹೊಟ್ಟೆ ತುಂಬಿತು ಅಂತ. ನಾನು ಉಡ ಅಲ್ಲ ದೊಡ್ಡಮ್ಮ, ಇಗುವಾನಾ. ಸೊಪ್ಪು, ಹೂವು, ಬಿಸಿಲು ಇದ್ದರೆ ಬದುಕುವವನು. ಮಾಂಸ, ಮೊಟ್ಟೆ ನನ್ನ ಮೈಗೆ ಆಗುವುದಿಲ್ಲ. ಮೊದಲ ದಿನವೇ ಗಟ್ಟಿಯಾಗಿ ಹೇಳಬೇಕಿತ್ತು. ನಿಮ್ಮ ಮನಸ್ಸು ನೋಯಬಾರದು ಅಂತ ಸುಮ್ಮನಿದ್ದೆ. ತಪ್ಪು ನನ್ನದೇ."

ಕೆಂಚಮ್ಮ ಈ ಸಲ ಬಾಯಿ ಹಾಕಲಿಲ್ಲ. ಪೂರ್ತಿ ಕೇಳಿದಳು. ಕೇಳಿ, ನೆಲಕ್ಕೆ ಕೂತಳು.

"ಗಿಡುಗದ ಬಾಯಿಂದ ಬಿಡಿಸಿ ತಂದು, ನನ್ನ ಕೈಯಾರೆ ನಿನ್ನನ್ನು ಕೊಲ್ಲುತ್ತಿದ್ದೆನಲ್ಲೋ ಕಂದ" ಎಂದು ಬಿಕ್ಕಿದಳು. "ನನಗೆ ರುಚಿಯಾದದ್ದು ನಿನಗೂ ರುಚಿ ಅಂದುಕೊಂಡೆ. ಒಂದು ದಿನವಾದರೂ ಕೇಳಲಿಲ್ಲ. ಈಗಲಾದರೂ ಹೇಳಿದೆಯಲ್ಲ, ನಿನಗೆ ಹೇಗೆ ಕೃತಜ್ಞತೆ ಹೇಳಲಿ!"

"ನೀವು ನನಗೆ ಕೃತಜ್ಞತೆ ಹೇಳುವುದೇ?" ಎಂದ ಪಚ್ಚು. ಇಬ್ಬರೂ ಅತ್ತರು. ಆ ಗದ್ದಲದಲ್ಲಿ ಶಂಖಯ್ಯ ತನ್ನ ಕೈಲಾದಷ್ಟು ವೇಗವಾಗಿ ಬಾಗಿಲ ಕಡೆ ಹೊರಟಿದ್ದ. ಕೆಂಚಮ್ಮ ಅವನನ್ನು ಕಂಡಳು, ಮುಖ ಆ ಕಡೆ ತಿರುಗಿಸಿದಳು. "ಹೋಗು ಮಾರಾಯ, ಇವತ್ತು ನಿನ್ನ ಅದೃಷ್ಟ ಚೆನ್ನಾಗಿದೆ" ಎಂದಳು.

ಅಂದೇ ಕೆಂಚಮ್ಮ ಪಚ್ಚುವನ್ನು ಹಿಂದಿನಿಂದ ತಳ್ಳಿ ತಳ್ಳಿ ಬಿಸಿಲಿಗೆ ತಂದು ಮಲಗಿಸಿದಳು. ಗಿಡುಗ ಬಾರದಂತೆ ಪಕ್ಕದಲ್ಲೇ ಕಾವಲು ಕೂತಳು. ಜನ್ಮದಲ್ಲಿ ಸೊಪ್ಪು ಮುಟ್ಟದವಳು ದಾಸವಾಳದ ಎಲೆ ತಂದಳು, ನುಗ್ಗೆಯ ಚಿಗುರು ತಂದಳು, ಕಾಡಂಚಿನ ಹಿತ್ತಲಿನಿಂದ ಕುಂಬಳದ ಹೂವು ತಂದಳು. ಒಂದೊಂದನ್ನೂ ಮೂಗಿನ ಮುಂದೆ ಹಿಡಿದು, "ಇದು ಆಗುತ್ತಾ? ಎಷ್ಟು ಹಾಕಲಿ?" ಎಂದು ಕೇಳಿದಳು. ಒಮ್ಮೆ ಪೂರಾ ಪಪ್ಪಾಯಿ ಉರುಳಿಸಿಕೊಂಡು ಬಂದಾಗ ಪಚ್ಚು, "ಹಣ್ಣು ಸಿಹಿಗಷ್ಟೆ ದೊಡ್ಡಮ್ಮ, ಒಂದು ಚೂರು ಮಾತ್ರ" ಎಂದ. ಅವಳು ಒಂದೇ ಚೂರು ಕೊಟ್ಟಳು. ಕೊಡುವಾಗ ಕೈ ತಡವರಿಸಿತು, ಪಾಪ. ಅಭ್ಯಾಸ ಒಂದೇ ದಿನಕ್ಕೆ ಹೋಗುತ್ತದೆಯೇ?

ಮೈಗೆ ಬಲ ಬರಲು ಬಹಳ ದಿನ ಹಿಡಿಯಿತು. ಮೊದಲು ನಡುಕ ನಿಂತಿತು, ಆಮೇಲೆ ಬಣ್ಣ ಮರಳಿತು. ಒಂದು ಬೆಳಿಗ್ಗೆ ಪಚ್ಚು ಹಿಪ್ಪುನೇರಳೆ ಮರವನ್ನು ತುದಿಯವರೆಗೂ ಹತ್ತಿಬಿಟ್ಟ. ಕೆಳಗೆ ನಿಂತ ಕೆಂಚಮ್ಮ ಕಾಡೆಲ್ಲ ಕೇಳುವಂತೆ ಕೂಗಿದಳು: "ನೋಡ್ರೋ, ನನ್ನ ಮಗ ಎದ್ದು ನಿಂತ!"

ಪಚ್ಚುವಿಗೆ ಸಂತೋಷ ತಡೆಯಲಾಗಲಿಲ್ಲ. ಇಷ್ಟು ಮಾಡಿದ ದೊಡ್ಡಮ್ಮನಿಗೆ ಏನಾದರೂ ಕೊಡಬೇಕಲ್ಲ! ಅತ್ಯಂತ ಎಳೆಯ, ಅತ್ಯಂತ ಸಿಹಿಯಾದ ಚಿಗುರನ್ನು ಆರಿಸಿ, ಬಾಯಲ್ಲಿ ಕಚ್ಚಿಕೊಂಡು ಇಳಿದುಬಂದ. ಅವಳ ಮುಂದೆ ಇಟ್ಟು, "ನಿಮಗಾಗಿ ತಂದೆ, ತಿನ್ನಿ ದೊಡ್ಡಮ್ಮ. ಇದಕ್ಕಿಂತ ರುಚಿಯಾದದ್ದು ಲೋಕದಲ್ಲೇ ಇಲ್ಲ!" ಎಂದ.

ಕೆಂಚಮ್ಮ ಚಿಗುರನ್ನು ನೋಡಿದಳು. ಅವನ ಮುಖ ನೋಡಿದಳು.

"ಬೇಡಪ್ಪ" ಎಂದಳು. "ನನ್ನ ಹೊಟ್ಟೆಗೆ ಆಗಲ್ಲ. ಆದರೆ ಇಟ್ಟಿರು, ಘಮ ಚೆನ್ನಾಗಿದೆ."

ಪಚ್ಚು ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಅವನಿಗೆ ನಗು ಬಂತು. ಅವಳಿಗೂ ಬಂತು. ದಂಡೆಯ ಮೇಲೆ ಇಬ್ಬರೂ ಪಕ್ಕಪಕ್ಕದಲ್ಲಿ ಕೂತು, ಅವನು ಆ ಚಿಗುರನ್ನು, ಅವಳು ಒಂದು ಮಿಡತೆಯನ್ನು, ತೃಪ್ತಿಯಾಗಿ ತಿಂದರು.

ನೀತಿ: ಉಣಿಸುವವರು ಕೇಳಿ ಬಡಿಸಬೇಕು, ಉಣ್ಣುವವರು ನಿಜ ಹೇಳಬೇಕು, ದಾಕ್ಷಿಣ್ಯಕ್ಕೆ ಸುಮ್ಮನಿರುವುದು ಕೃತಜ್ಞತೆಯಲ್ಲ.