ಕರಿಕಿವಿಯ ಮೊಲ

ಹೊಳೆದಂಡೆಯ ಒಂದು ಆಶ್ರಮ. ಅಲ್ಲಿ ಹಾವು ಕಚ್ಚಿದವರಿಗೆ ಮದ್ದು ತಯಾರಾಗುತ್ತಿತ್ತು. ಮೊಲಗಳಿಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚುವರು. ವಿಷವನ್ನು ತಡೆಯುವ ಪ್ರತಿಕಾಯ ಅವುಗಳ ರಕ್ತದಲ್ಲಿ ಹುಟ್ಟುವುದು. ಆ ರಕ್ತದ ತಿಳಿಯೇ ಮದ್ದು. ತಿಳಿಗೆ ವಿಷ ಬೆರೆಸಿದಾಗ ಬಿಳಿ ಕಟ್ಟಿದರೆ ಮದ್ದಿಗೆ ಶಕ್ತಿಯಿದೆ ಎಂದರ್ಥ.

ಒಂದು ಬೆಳಿಗ್ಗೆ ಶಿಷ್ಯ ಬಸಲಿಂಗ ಗಾಜಿನ ಕೊಳವೆಗಳ ಸ್ಟ್ಯಾಂಡು ಹಿಡಿದು ಗುರು ಶಿವಕ್ಕನವರ ಮುಂದೆ ನಿಂತ. ಮುಖದಲ್ಲಿ ನಗು.

"ನೋಡಿ ಅವ್ವಾ, ತಿಳಿಗೆ ವಿಷ ಬೆರೆಸಿದ್ದೇನೆ. ಎಲ್ಲದರಲ್ಲೂ ಒಂದೇ ಹದಕ್ಕೆ ಬಿಳಿ ಕಟ್ಟಿದೆ. ಮೊದಲ ಸಲ ಚುಚ್ಚಿದಾಗ ಒಂದೊಂದು ಮೊಲದ್ದು ಒಂದೊಂದು ಥರ ಇತ್ತು. ಚುಚ್ಚುತ್ತಾ ಚುಚ್ಚುತ್ತಾ ಎಲ್ಲವೂ ಒಂದೇ ಸಮ ಆದವು."

"ಅದಕ್ಕೆ?"

"ಇನ್ನು ಮೇಲೆ ಒಂದೊಂದು ಮೊಲವನ್ನೂ ಪರೀಕ್ಷೆ ಮಾಡುವುದು ಬೇಡ. ಯಾವುದರ ತಿಳಿಯಾದರೂ ಒಂದೇ. ತೆಗೆದ ಹಾಗೇ ಊರುಗಳಿಗೆ ಕಳಿಸಬಹುದು."

ಶಿವಕ್ಕ ಸ್ಟ್ಯಾಂಡನ್ನು ಬೆಳಕಿಗೆ ಹಿಡಿದರು. ನಡುವೆ ಒಂದು ತೂತು ಖಾಲಿ.

"ಇಲ್ಲಿದ್ದದ್ದು ಎಲ್ಲಿ?"

"ಅದು ಕರಿಕಿವಿಯ ಮೊಲದ್ದು. ಎಷ್ಟು ಚುಚ್ಚಿದರೂ ಬಿಳಿ ಕಟ್ಟಲೇ ಇಲ್ಲ. ಸುಮ್ಮನೆ ಸಾಲು ಕೆಡಿಸುತ್ತಿತ್ತು. ಅಂಬಿಗರ ಮನೆಗೆ ಕೊಟ್ಟುಬಿಟ್ಟೆ, ಮಕ್ಕಳು ಆಡಿಕೊಳ್ಳಲಿ ಅಂತ."

"ದೊಡ್ಡ ದಾನಿ ನೀನು!"

ಶಿವಕ್ಕ ಎದ್ದರು. ಮೂಲೆಯಲ್ಲಿದ್ದ ಹಾವಿನ ಬುಟ್ಟಿಯನ್ನು ದರದರ ಎಳೆದು ತಂದು ಅವನ ಮುಂದಿಟ್ಟರು.

"ಕೈ ಚಾಚು."

"ಅವ್ವಾ?"

"ಕಚ್ಚಲಿ. ಮದ್ದು ನಾನು ಕೊಡುತ್ತೇನೆ. ಯಾವ ಮೊಲದ್ದು ಬೇಕು?"

"ಯಾ... ಯಾವುದಾದರೂ..."

"ಕರಿಕಿವಿಯದರ ತಿಳಿ ಇನ್ನೂ ಶೀಶೆಯಲ್ಲಿದೆ. ಅದನ್ನೇ ಕೊಡುತ್ತೇನೆ."

ಬಸಲಿಂಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಯಾಕೋ? ನಿನ್ನ ಮೈಗೆ ಮಾತ್ರ ಆರಿಸಿ ಕೊಡಬೇಕಾ? ನಾಳೆ ಅಂಥದೇ ಇನ್ನೊಂದು ಮೊಲ ಗೂಡಿಗೆ ಬಂದರೆ? ಪರೀಕ್ಷೆ ಬೇಡ ಅಂದವನು ನೀನು. ಅದರ ತಿಳಿ ಯಾವ ಮಗುವಿನ ಮೈಗೆ ಹೋಗುತ್ತದೆ, ಹೇಳು!"

ಬಸಲಿಂಗ ಬುಟ್ಟಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಬಿಡಲಿಲ್ಲ.

"ಉಳಿದವು ನಿಜವಾಗಿಯೂ ಒಂದೇ ಸಮ ಆಗಿವೆಯಲ್ಲ ಅವ್ವಾ?"

"ಆಗಿವೆ. ಅದು ಸೂಜಿ ಮಾಡಿದ ಕೆಲಸ. 'ಎಲ್ಲವೂ' ಅಂದೆಯಲ್ಲ, ಅದು ನಿನ್ನ ನಾಲಿಗೆ ಮಾಡಿದ ಕೆಲಸ."

ಬಸಲಿಂಗ ಅವರ ಕಾಲಿಗೆ ಬಿದ್ದ.

"ತಪ್ಪಾಯಿತು ಅವ್ವಾ. ನನ್ನಂಥ ಸುಳ್ಳುಗಾರ ಇಲ್ಲಿ ಇರಬಾರದು. ನನ್ನನ್ನು ಹೊರಗೆ ಹಾಕಿಬಿಡಿ."

ಶಿವಕ್ಕ ಕಾಲು ಹಿಂದಕ್ಕೆ ಎಳೆದುಕೊಂಡರು. ಅವರ ಸಿಟ್ಟು ಇಳಿದಿರಲಿಲ್ಲ.

"ಏಳೋ, ಹೋಗಿ ಮೊಲ ತಗೊಂಡು ಬಾ. ನಿನ್ನನ್ನು ಹೊರಗೆ ಹಾಕಿ, ನನ್ನ ಶಿಷ್ಯರೆಲ್ಲ ಸತ್ಯವಂತರು ಅಂತ ನಾನೂ ಊರೂರಿಗೆ ಹೇಳಿಕೊಂಡು ತಿರುಗಲೇನು?"